ಆರೋಗ್ಯವಂತ ಒಸಡಿನ ರಚನೆ ಮತ್ತು ಕನ್ನಡ ಪರಿಭಾಷೆ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪರಿಸರದ ನೇಯ್ಗೆಯ ಪದಗಳ ಹಿನ್ನೆಲೆಯಲ್ಲಿ

ಹಲ್ಲಿಗೆ ಕನ್ನಡ ಕಾವ್ಯಪರಂಪರೆಯಲ್ಲಿ ಮುತ್ತಿನ, ಮಲ್ಲಿಗೆಮೊಗ್ಗಿನ, ದಾಳಿಂಬೆ ಬೀಜದ ಉಪಮಾನಗಳು ದೊರೆತಿವೆ. ಆ ಹಲ್ಲನ್ನು ಹಿಡಿದು ನಿಲ್ಲಿಸಿರುವ ಒಸಡಿಗೆ ಅಂತಹ ಭಾಗ್ಯ ದೊರೆತದ್ದು ಕಡಿಮೆ. ಆಡುಮಾತಿನಲ್ಲಿಯೂ ಒಸಡು ಸಾಮಾನ್ಯವಾಗಿ ಒಂದು ದೂರಿನ ಜೊತೆಯಲ್ಲಿಯೇ ಬಾಯಿಗೆ ಬರುತ್ತದೆ. ಒಸಡು ಬಾತಿದೆ, ಒಸಡಿನಿಂದ ರಕ್ತ ಬರುತ್ತಿದೆ, ಒಸಡು ಸವೆದು ಹಲ್ಲು ಅಲ್ಲಾಡುತ್ತಿದೆ ಎಂಬ ವಾಕ್ಯಗಳು ಎಲ್ಲರಿಗೂ ಪರಿಚಿತ. ಏನೂ ಆಗದ, ನೆಟ್ಟಗಿರುವ ಒಸಡನ್ನು ಕುರಿತ ಒಂದು ವಾಕ್ಯವನ್ನು ಕನ್ನಡದಲ್ಲಿ ಬರೆಯಲು ಕುಳಿತರೆ ಲೇಖನಿ ತಡೆಯುತ್ತದೆ. ರೋಗಕ್ಕೆ ಪದಗಳಿವೆ, ಆರೋಗ್ಯಕ್ಕೆ ಇಲ್ಲ. ಈ ಕೊರತೆ ಎಲ್ಲಿಂದ ಬಂತು, ಅದನ್ನು ತುಂಬುವ ಸಾಮಗ್ರಿ ನಮ್ಮ ಹತ್ತಿರದಲ್ಲಿಯೇ ಇದೆಯೇ, ಇದ್ದರೆ ಎಲ್ಲಿಯವರೆಗೆ ಅದು ಸಲ್ಲುತ್ತದೆ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಇದಕ್ಕಾಗಿ ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಮತ್ತು ಮಧ್ಯಭಾಗದ ನಾಲ್ಕು ಊರುಗಳ ಪರಿಸರವನ್ನು ಆರಿಸಿಕೊಳ್ಳಲಾಗಿದೆ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಈ ಸೀಮೆಯಲ್ಲಿ ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿತ್ತು, ಬೀಳಗಿ ಬ್ರಿಟಿಷರ ನೇರ ಆಡಳಿತದಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನಗೊಂಡು, 1956ರಲ್ಲಿ ಪ್ರದೇಶವೆಲ್ಲ ಮೈಸೂರು ರಾಜ್ಯಕ್ಕೆ ಸೇರಿ, 1997ರಲ್ಲಿ ವಿಜಾಪುರದಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯ ಭಾಗವಾಯಿತು. ಸಂಸ್ಥಾನಗಳ ಕಾಲದ ಮರಾಠಿಯ ಒಡನಾಟದಿಂದಾಗಿ ಶಾಸ್ತ್ರಪದಗಳ ವಿಷಯದಲ್ಲಿ ಈ ಸೀಮೆಗೆ ಎರಡು ಕಿವಿಗಳಿವೆ ಎನ್ನಬಹುದು. ರಬಕವಿ-ಬನಹಟ್ಟಿ ಅವಳಿ ಪಟ್ಟಣವಂತೂ ಮಗ್ಗದ ಸದ್ದಿನಲ್ಲಿ ಬದುಕಿರುವ ಊರು. ಈ ಎರಡು ಸಂಗತಿಗಳೂ, ಅಂದರೆ ಮರಾಠಿಯ ನೆರೆ ಮತ್ತು ಮಗ್ಗ, ಮುಂದಿನ ಚರ್ಚೆಗೆ ಬೇಕಾಗುತ್ತವೆ.

ದಂತಮೂಲ: ಒಂದು ಪದ, ಮೂರು ಅರ್ಥ

ಒಸಡಿಗೆ ಶಾಸ್ತ್ರೀಯ ಪದ ಬೇಕೆಂದಾಗ ನಮ್ಮ ಬರಹಗಾರರು ಸಾಮಾನ್ಯವಾಗಿ ಕೈಹಾಕುವುದು ದಂತಮೂಲ ಎಂಬ ಸಂಸ್ಕೃತ ಪದಕ್ಕೆ. ಸುಶ್ರುತಸಂಹಿತೆಯ ನಿದಾನಸ್ಥಾನ ಬಾಯಿಯ ರೋಗಗಳನ್ನು ಏಳು ನೆಲೆಗಳಲ್ಲಿ ಹಂಚಿ 65 ಎಂದು ಎಣಿಸುತ್ತದೆ. ತುಟಿಗೆ 8, ದಂತಮೂಲಕ್ಕೆ 15, ಹಲ್ಲಿಗೆ 8, ನಾಲಗೆಗೆ 5, ಅಂಗುಳಕ್ಕೆ 9, ಗಂಟಲಿಗೆ 17, ಇಡೀ ಬಾಯಿಗೆ 3. ಹಲ್ಲಿಗೆ ಎಂಟೇ ರೋಗಗಳಿರುವಾಗ ಒಸಡಿಗೆ ಹದಿನೈದು ಎಂಬುದು ಗಮನಾರ್ಹ. ಶೀತಾದ, ದಂತಪುಪ್ಪುಟಕ, ದಂತವೇಷ್ಟಕ, ಶೌಷಿರ, ಪರಿದರ, ಉಪಕುಶ ಮುಂತಾದ ಹೆಸರುಗಳು ಅಲ್ಲಿ ಬರುತ್ತವೆ. ರಕ್ತ ಒಸರುವುದು, ಬಾಯುವುದು, ಕೀವಾಗುವುದು, ಹಲ್ಲು ಸಡಿಲಗೊಳ್ಳುವುದು ಇವುಗಳ ನಡುವಿನ ಸೂಕ್ಷ್ಮ ವ್ಯತ್ಯಾಸಗಳನ್ನು ಆ ಪಟ್ಟಿ ಗುರುತಿಸುತ್ತದೆ. ರೋಗ ಬಂದ ಒಸಡನ್ನು ಇಷ್ಟು ಬಗೆಯಲ್ಲಿ ನೋಡಿದ ಕಣ್ಣು ನೆಟ್ಟಗಿರುವ ಒಸಡಿನ ಭಾಗಗಳಿಗೆ ಹೆಸರಿಡುವ ಕಡೆಗೆ ಹೆಚ್ಚು ಹೊರಳಲಿಲ್ಲ. ಅದು ದೋಷವೇನಲ್ಲ. ವೈದ್ಯನ ಮುಂದೆ ಬರುವವನು ರೋಗಿ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ ಇವೆಲ್ಲ ಕನ್ನಡಕ್ಕೆ ವೈದ್ಯದ ಭಾಷೆಯನ್ನು ಕೊಟ್ಟ ಕೃತಿಗಳೇ. ಅವುಗಳ ಗಮನವೂ ಚಿಕಿತ್ಸೆಯ ಕಡೆಗಿತ್ತು.

ಇತ್ತ ಧ್ವನಿಶಾಸ್ತ್ರದಲ್ಲಿ ದಂತಮೂಲ ಬೇರೆಯೇ ಕೆಲಸ ಮಾಡುತ್ತದೆ. ಋಕ್ ಪ್ರಾತಿಶಾಖ್ಯ ತವರ್ಗವನ್ನು ದಂತಮೂಲೀಯವೆಂದು ಕರೆದು, ರೇಫದ ಸ್ಥಾನ ಅದಕ್ಕಿಂತ ತುಸು ಬೇರೆ ಎಂಬ ಮತವನ್ನೂ ದಾಖಲಿಸುತ್ತದೆ. ಇಂದು ಭಾಷಾಶಾಸ್ತ್ರದ ತರಗತಿಯಲ್ಲಿ ನಾವು ಬಾಯಿಯ ಅಡ್ಡಸೀಳಿನ ಚಿತ್ರ ಬರೆದು, ಮೇಲಿನ ಹಲ್ಲುಗಳ ಹಿಂದೆ ಉಬ್ಬಿರುವ ಜಾಗವನ್ನು ತೋರಿಸಿ ದಂತಮೂಲ ಅಥವಾ ವರ್ತ್ಸ ಎನ್ನುತ್ತೇವೆ. ಹಳಗನ್ನಡದ ಶಕಟರೇಫವನ್ನು ವಿವರಿಸುವಾಗ ನಾಲಗೆಯ ತುದಿ ಅಲ್ಲಿಗೆ ತಾಗಿ ಕಂಪಿಸುತ್ತಿತ್ತು ಎಂದು ಹೇಳುತ್ತೇವೆ. ಆ ಉಬ್ಬು ಒಸಡೇ ಹೌದು, ಆದರೆ ಬರಿಯ ಒಸಡಲ್ಲ. ಒಳಗೆ ದವಡೆಯ ಎಲುಬು, ಅದರ ಮೇಲೆ ಬಿಗಿದು ಕೂತ ಒಸಡು, ಹಿಂದಕ್ಕೆ ಹೋದಂತೆ ಅಂಗುಳದ ಹೊದಿಕೆ. ಧ್ವನಿಶಾಸ್ತ್ರಜ್ಞನಿಗೆ ಅದು ನಾಲಗೆ ತಾಗುವ ನೆಲೆ ಮಾತ್ರ, ಅದು ಯಾವುದರಿಂದ ಆಗಿದೆ ಎಂಬುದು ಅವನ ಪ್ರಶ್ನೆಯಲ್ಲ.

ಮೂರನೆಯ ಅರ್ಥ ಶಾಲೆಯ ಹುಡುಗನದು. ಮೂಲ ಎಂದರೆ ಬೇರು ಎಂದು ತಿಳಿದವನು ದಂತಮೂಲವನ್ನು ಹಲ್ಲಿನ ಬೇರು ಎಂದೇ ಓದುತ್ತಾನೆ. ಹಾಗೆ ಓದುವುದು ತಪ್ಪೆಂದು ಹೇಳಲು ನಮ್ಮಲ್ಲಿ ನ್ಯಾಯವಾದ ಕಾರಣವಿಲ್ಲ. ಹೀಗೆ ಒಂದೇ ಪದ ಆಯುರ್ವೇದದಲ್ಲಿ ಒಸಡು, ವ್ಯಾಕರಣದಲ್ಲಿ ಉಬ್ಬು, ಪಾಠಪುಸ್ತಕದ ಓದಿನಲ್ಲಿ ಬೇರು. ದಂತಮೂಲದ ಚಿಕಿತ್ಸೆ ಎಂದು ಫಲಕ ಬರೆದರೆ ಓದುವವನಿಗೆ ಯಾವುದರ ಚಿಕಿತ್ಸೆ ಎಂದು ತಿಳಿಯಬೇಕು? ಬೇರಿನ ನಾಳವನ್ನು ಶುಚಿಮಾಡುವುದು ಒಂದು ಕೆಲಸ, ಒಸಡನ್ನು ಗುಣಪಡಿಸುವುದು ಮತ್ತೊಂದು. ಆದ್ದರಿಂದ ಈ ಲೇಖನದಲ್ಲಿ ದಂತಮೂಲವನ್ನು ಕೈಬಿಟ್ಟು ಒಸಡು ಎಂಬ ಕನ್ನಡ ಪದವನ್ನೇ ಬಳಸಲಾಗಿದೆ. ಒಸಡು, ವಸಡು, ವಸಡಿ ಎಂಬ ರೂಪಗಳು ಆಡುಮಾತಿನಲ್ಲಿ ಸಿಗುತ್ತವೆ. ಪದಾದಿಯ ಒಕಾರ ವಕಾರವಾಗುವುದು, ಪದಾಂತ್ಯದ ಸ್ವರ ಬದಲಾಗುವುದು ಉತ್ತರ ಕರ್ನಾಟಕದ ಕನ್ನಡ ಬಲ್ಲವರಿಗೆ ಹೊಸತಲ್ಲ. ಒಸಡು ಮತ್ತು ಒಸರು ಪದಗಳಿಗೆ ನಂಟು ಕಟ್ಟುವ ಆಸೆ ಯಾರಿಗೂ ಬರುವಂಥದು. ಇಲ್ಲಿ ಆ ವ್ಯುತ್ಪತ್ತಿಯನ್ನು ಸಾಧಿಸುತ್ತಿಲ್ಲ, ಆದರೆ ಒಸರು ಎಂಬ ಕ್ರಿಯಾಪದ ಮುಂದೆ ಬೇರೊಂದು ಕಾರಣಕ್ಕೆ ಬೇಕಾಗುತ್ತದೆ.

ನೆರೆಯ ಭಾಷೆಗಳು ಏನು ಮಾಡಿವೆ ಎಂಬುದನ್ನೂ ನೋಡಬಹುದು. ಮರಾಠಿಯಲ್ಲಿ ಹಿರಡೀ ಎಂಬ ಸ್ವತಂತ್ರ ಪದವಿದೆ. ತೆಲುಗಿನಲ್ಲಿ ಚಿಗುರು ಎಂಬ ಒಂದೇ ಪದ ಎಳೆಯ ತಳಿರಿಗೂ ಒಸಡಿಗೂ ಸಲ್ಲುತ್ತದೆ. ಒಸಡಿನ ಮೃದುತ್ವವನ್ನೂ ಅದು ಮತ್ತೆ ಮತ್ತೆ ಹೊಸದಾಗುವುದನ್ನೂ ಒಂದೇ ಪದದಲ್ಲಿ ಹಿಡಿದ ತೆಲುಗನ್ನು ಮೆಚ್ಚಬೇಕು.

ಕಣ್ಣಿಗೆ ಕಾಣುವ ಒಸಡು

ಕನ್ನಡಿಯ ಮುಂದೆ ತುಟಿಯನ್ನು ಎತ್ತಿ ನೋಡಿದರೆ ಮೂರು ಭಾಗಗಳು ಕಾಣುತ್ತವೆ. ಇವಕ್ಕೆ ಹೆಸರಿಡಲು ಇಳಕಲ್ ಸೀರೆಯ ಭಾಷೆ ಅಚ್ಚರಿಯಾಗುವಷ್ಟು ಒದಗಿಬರುತ್ತದೆ. ಇಳಕಲ್ಲಿನ ಹೆಸರು ಹೊತ್ತ ಈ ಸೀರೆ ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿಯೂ ನೇಯಲ್ಪಡುತ್ತ ಬಂದಿದೆ. ಸೀರೆಗೆ ದಡಿ ಇದೆ, ಒಡಲು ಇದೆ, ಸೆರಗು ಇದೆ.

ಹಲ್ಲಿನ ಕುತ್ತಿಗೆಯನ್ನು ಸುತ್ತುವರಿದು, ಹಲ್ಲಿಗೆ ಅಂಟಿಕೊಳ್ಳದೆ ನಿಂತಿರುವ ಸುಮಾರು 1ರಿಂದ 1.5 ಮಿ.ಮೀ. ಅಗಲದ ಪಟ್ಟಿ ಮೊದಲನೆಯದು. ಇದನ್ನು ದಡಿ ಒಸಡು ಎನ್ನಬಹುದು. ದಡಿಯಂತೆಯೇ ಇದು ಅಂಚು, ದಡಿಯಂತೆಯೇ ಮೊದಲು ಸವೆಯುವುದೂ ಇದೇ. ಅದಕ್ಕೂ ಹಲ್ಲಿಗೂ ನಡುವೆ ಕಿರಿದಾದ ಒಂದು ತೆರಪಿದೆ. ಇದಕ್ಕೆ ಬಿರುಕು, ಸೀಳು, ಕುಳಿ ಎಂಬ ಪದಗಳು ಮೊದಲು ನೆನಪಾಗುತ್ತವೆ, ಆದರೆ ಮೂರೂ ಹಾನಿಯನ್ನು ಸೂಚಿಸುವ ಪದಗಳು. ಆರೋಗ್ಯವಂತ ಒಸಡಿನಲ್ಲಿರುವ ಸಹಜವಾದ ತೆರಪನ್ನು ಬಿರುಕು ಎಂದರೆ ಕೇಳುವವರು ಬೆದರುತ್ತಾರೆ. ಮಡಿಕೆ ಎಂಬುದು ಒಪ್ಪುವ ಮಾತು. ದಂತವೈದ್ಯರು ತೆಳುವಾದ ಅಳತೆಕಡ್ಡಿಯನ್ನು ಮೆಲ್ಲಗೆ ಇಳಿಸಿ ನೋಡಿದಾಗ ಆರೋಗ್ಯವಂತ ಮಡಿಕೆಯ ಆಳ ಸಾಮಾನ್ಯವಾಗಿ 3 ಮಿ.ಮೀ. ಮೀರುವುದಿಲ್ಲ. ರೋಗ ಬಂದು ಅದು ಆಳವಾದಾಗ ದಂತವೈದ್ಯದಲ್ಲಿ ಅದರ ಹೆಸರು ಜೇಬು ಎಂಬ ಅರ್ಥದ್ದು. ಉತ್ತರ ಕರ್ನಾಟಕದಲ್ಲಿ ಅಂಗಿಯ ಜೇಬಿಗೆ ಬಕ್ಕಣ ಎಂಬ ಪದವಿದೆ. ಮಡಿಕೆ ಬಕ್ಕಣವಾಯಿತು ಎಂದರೆ ಆರೋಗ್ಯದಿಂದ ರೋಗಕ್ಕೆ ದಾಟಿದ್ದು ಒಂದೇ ವಾಕ್ಯದಲ್ಲಿ ತಿಳಿಯುತ್ತದೆ. ಬಕ್ಕಣದಲ್ಲಿ ಏನಾದರೂ ಸೇರಿಕೊಳ್ಳುತ್ತದೆ ಎಂಬುದೂ ಹೇಳದೆಯೇ ಹೊಳೆಯುತ್ತದೆ.

ದಡಿಯ ಆಚೆಗೆ ಒಸಡು ಎಲುಬಿಗೆ ಮತ್ತು ಹಲ್ಲಿನ ಬೇರಿನ ಮೇಲ್ಭಾಗಕ್ಕೆ ಬಿಗಿಯಾಗಿ ಕೂತಿರುತ್ತದೆ. ಬೆರಳಿನಿಂದ ಒತ್ತಿ ಸರಿಸಿದರೂ ಸರಿಯದು. ಇದು ಒಸಡಿನ ಒಡಲು, ಬೇಕಾದರೆ ಬಿಗಿ ಒಸಡು ಎನ್ನಬಹುದು. ಕಬ್ಬು ಸಿಗಿಯುವಾಗ, ಕಟಕರೊಟ್ಟಿ ಅಗಿಯುವಾಗ ಬೀಳುವ ತಿಕ್ಕಾಟವನ್ನು ತಡೆಯುವುದು ಈ ಭಾಗ. ಜಮಖಂಡಿ ಮುಧೋಳದ ಕಬ್ಬಿನ ಸೀಮೆಯಲ್ಲಿ ಇದಕ್ಕೆ ಬೇರೆ ಉದಾಹರಣೆ ಹುಡುಕಬೇಕಿಲ್ಲ. ಇದರ ಅಗಲ ಎಲ್ಲೆಡೆ ಒಂದೇ ಆಗಿಲ್ಲ. ಮುಂದಿನ ಬಾಚಿಹಲ್ಲುಗಳ ಬಳಿ ಮೇಲ್ದವಡೆಯಲ್ಲಿ ಸುಮಾರು 3.5ರಿಂದ 4.5 ಮಿ.ಮೀ., ಕೋರೆಹಲ್ಲಿನ ಹಿಂದಿನ ಹಲ್ಲುಗಳ ಬಳಿ 2 ಮಿ.ಮೀ.ಗಿಂತ ತುಸು ಕಡಿಮೆ. ಒಡಲು ಮುಗಿದಲ್ಲಿ ಸ್ಪಷ್ಟವಾದ ಒಂದು ಗಡಿಗೆರೆಯಿದ್ದು, ಅದರಾಚೆ ತುಟಿ ಕೆನ್ನೆಗಳ ಕಡೆಗೆ ಹೋಗುವ ಸಡಿಲವಾದ, ಹೆಚ್ಚು ಕೆಂಪಾದ ಒಳಪೊರೆ ಶುರುವಾಗುತ್ತದೆ. ಮೇಲ್ದವಡೆಯ ಒಳಭಾಗದಲ್ಲಿ ಮಾತ್ರ ಈ ಗಡಿಯಿಲ್ಲ. ಅಲ್ಲಿ ಒಸಡು ಅಂಗುಳದೊಡನೆ ಒಂದಾಗಿಬಿಡುತ್ತದೆ. ಧ್ವನಿಶಾಸ್ತ್ರದ ಚಿತ್ರದಲ್ಲಿ ವರ್ತ್ಸ ಎಲ್ಲಿ ಮುಗಿದು ತಾಲು ಎಲ್ಲಿ ಶುರುವಾಯಿತೆಂದು ನಾವು ತಡಕಾಡುವುದಕ್ಕೆ ಅಂಗರಚನೆಯಲ್ಲಿಯೇ ಇಂಥ ಒಂದು ಕಾರಣವಿದೆ.

ಎರಡು ಹಲ್ಲುಗಳ ಸಂದಿಯನ್ನು ತುಂಬುವ ಮೊನಚಾದ ಭಾಗ ಮೂರನೆಯದು. ಇಳಕಲ್ ಸೀರೆಯ ಸೆರಗಿನ ತುದಿಯ ವಿನ್ಯಾಸಗಳಿಗೆ ಹಣಿಗೆ, ಕೋಟಿಕೊಮ್ಮಳಿ, ತೋಪುತೆನೆ, ರಂಪ ಎಂಬ ಹೆಸರುಗಳಿವೆ. ತೋಪುತೆನೆ ಜೋಳದ ತೆನೆಯ ಹೋಲಿಕೆಯದು. ಮುಂಭಾಗದ ಹಲ್ಲುಗಳ ನಡುವೆ ಮೊನೆಯಾಗಿ ಇಳಿಯುವ ಅಥವಾ ಏರುವ ಈ ಒಸಡನ್ನು ತೆನೆ ಒಸಡು ಎಂದರೆ ನೇಕಾರರ ಮನೆಯ ಮಗುವಿಗೆ ಚಿತ್ರ ಬೇಕಾಗದು. ದವಡೆಹಲ್ಲುಗಳ ನಡುವೆ ಅದು ಒಂದೇ ಮೊನೆಯಲ್ಲ. ಕೆನ್ನೆಯ ಕಡೆಗೊಂದು, ನಾಲಗೆಯ ಕಡೆಗೊಂದು ಎಂದು ಎರಡು ಶಿಖರಗಳಿದ್ದು ನಡುವೆ ತಗ್ಗಾದ ಕಣಿವೆ ಇರುತ್ತದೆ. ಆ ಕಣಿವೆಯ ಮೇಲ್ಪದರ ಗಡುಸಾಗಿರುವುದಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡದ್ದನ್ನು ತೆಗೆಯದೆ ಬಿಟ್ಟರೆ ಒಸಡಿನ ಕೇಡು ಹಲವು ಸಲ ಸಂದಿಯಿಂದಲೇ ಆರಂಭವಾಗುವುದಕ್ಕೆ ಇದೂ ಒಂದು ಕಾರಣ.

ಬಣ್ಣದ ವಿಷಯದಲ್ಲಿ ತುಸು ನಿಲ್ಲಬೇಕಾಗುತ್ತದೆ. ಆರೋಗ್ಯವಂತ ಒಸಡು ಹವಳದ ಗುಲಾಬಿ ಬಣ್ಣದ್ದು ಎಂಬ ವಾಕ್ಯ ದಂತವೈದ್ಯದ ಪಠ್ಯಗಳಿಂದ ಕನ್ನಡದ ಆರೋಗ್ಯ ಬರಹಗಳಿಗೆ ಹಾಗೆಯೇ ಇಳಿದಿದೆ. ಆ ವಾಕ್ಯ ಹುಟ್ಟಿದ್ದು ಯುರೋಪಿನ ಬಾಯಿಗಳನ್ನು ನೋಡಿ. ಬೀಳಗಿಯ ಹೊಲದಲ್ಲಿ ದುಡಿಯುವವನ ಒಸಡಿನಲ್ಲಿ ಕಂದು ಅಥವಾ ನೀಲಿಗಪ್ಪು ಬಣ್ಣದ ಹರಹು ಇರುವುದು ಸಹಜ, ಅದು ರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವೇ ಒಸಡಿನ ಮೇಲ್ಪದರದ ತಳದಲ್ಲಿಯೂ ಇದೆ. ಅದನ್ನು ತಯಾರಿಸುವ ಕೋಶಗಳ ಸಂಖ್ಯೆಯಲ್ಲಿ ಬಿಳಿಯರಿಗೂ ಕರಿಯರಿಗೂ ಹೇಳಿಕೊಳ್ಳುವ ಅಂತರವಿಲ್ಲ, ಅಂತರವಿರುವುದು ಆ ಕೋಶಗಳ ಚಟುವಟಿಕೆಯಲ್ಲಿ. ಬಣ್ಣ ಬಿಗಿ ಒಸಡಿನಲ್ಲಿ ಹೆಚ್ಚಾಗಿಯೂ ದಡಿಯಲ್ಲಿ ಕಡಿಮೆಯಾಗಿಯೂ ಕಾಣುತ್ತದೆ. ಹೀಗಿರುವಾಗ ಗುಲಾಬಿ ಒಸಡೇ ಆರೋಗ್ಯವೆಂದು ನಮ್ಮ ಮಕ್ಕಳಿಗೆ ಕಲಿಸಿದರೆ ತರಗತಿಯ ಬಹುಪಾಲು ಮಕ್ಕಳು ಮನೆಗೆ ಹೋಗಿ ಕನ್ನಡಿ ನೋಡಿ ತಮಗೆ ರೋಗವಿದೆಯೆಂದು ತಿಳಿಯಬೇಕಾಗುತ್ತದೆ. ಇದು ಅನುವಾದದ ಸಮಸ್ಯೆಯಾಗಿ ಕಾಣುವುದಿಲ್ಲ, ಏಕೆಂದರೆ ವಾಕ್ಯದಲ್ಲಿ ಪದದೋಷ ಯಾವುದೂ ಇಲ್ಲ. ದೋಷವಿರುವುದು ಯಾರ ಬಾಯಿಯನ್ನು ನೋಡಿ ಬರೆಯಲಾಯಿತು ಎಂಬಲ್ಲಿ. ಗುಲಾಬಿಯಿಂದ ಕಂದುಗಪ್ಪಿನವರೆಗೆ ಯಾವ ಬಣ್ಣವಾದರೂ ಇರಬಹುದು, ದಡಿ ಹೊಸದಾಗಿ ಕೆಂಪೇರಿ ಬಾತಿರಬಾರದು ಎಂದು ಬರೆದರೆ ಸಾಕು.

ಬಿಗಿ ಒಸಡಿನ ಮೇಲೆ ಕೆಲವರಲ್ಲಿ ಸಣ್ಣ ಸಣ್ಣ ತಗ್ಗುಗಳು ಕಾಣುತ್ತವೆ. ಪಠ್ಯಗಳು ಕಿತ್ತಳೆ ಸಿಪ್ಪೆಯ ಹೋಲಿಕೆ ಕೊಡುತ್ತವೆ. ವಿಜಾಪುರ ಸೀಮೆಯವರಿಗೆ ಲಿಂಬಿಹಣ್ಣಿನ ಸಿಪ್ಪೆ ಹೆಚ್ಚು ಹತ್ತಿರ. ಸುಮಾರು 40 ಪ್ರತಿಶತ ವಯಸ್ಕರಲ್ಲಿ ಮಾತ್ರ ಇವು ಕಾಣುವುದರಿಂದ ಇಲ್ಲದಿರುವುದನ್ನು ರೋಗವೆಂದು ಎಣಿಸಬೇಕಿಲ್ಲ.

ಹೊದಿಕೆ

ಸೂಕ್ಷ್ಮದರ್ಶಕದ ಅಡಿಯಲ್ಲಿ ಒಸಡು ಎರಡು ಬಗೆಯ ಅಂಗಾಂಶಗಳಾಗಿ ಒಡೆಯುತ್ತದೆ. ಮೇಲಿನದನ್ನು ನಮ್ಮ ಪಾಠಪುಸ್ತಕಗಳು ಅನುಲೇಪಕ ಅಂಗಾಂಶ ಎನ್ನುತ್ತವೆ, ಕೆಳಗಿನದನ್ನು ಸಂಯೋಜಕ ಅಂಗಾಂಶ ಎನ್ನುತ್ತವೆ. ಅನುಲೇಪ ಎಂದರೆ ಬಳಿಯುವುದು, ಪೂಸುವುದು. ಗೋಡೆಗೆ ಗಿಲಾವು ಮಾಡಿದ ಚಿತ್ರ ಮನಸ್ಸಿಗೆ ಬರುತ್ತದೆ. ಒಂದು ವಿಷಯದಲ್ಲಿ ಚಿತ್ರ ಸರಿ, ಇದು ಮೇಲ್ಮೈಯನ್ನು ಮುಚ್ಚುತ್ತದೆ. ಮತ್ತೊಂದು ವಿಷಯದಲ್ಲಿ ಅದು ದಾರಿ ತಪ್ಪಿಸುತ್ತದೆ. ಗಿಲಾವು ಹೊರಗಿನಿಂದ ಬರುವಂಥದು, ಒಣಗಿದ ಮೇಲೆ ಬದಲಾಗದು. ಒಸಡಿನ ಈ ಪದರ ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ. ತಳದ ಕೋಶಗಳು ಒಡೆದು ಇಮ್ಮಡಿಸಿ, ಮೇಲಕ್ಕೆ ಸರಿಯುತ್ತ, ಚಪ್ಪಟೆಯಾಗುತ್ತ, ಕೆರಾಟಿನ್ ಎಂಬ ಗಡುಸು ವಸ್ತುವಿನಿಂದ ತುಂಬಿಕೊಂಡು ಕೊನೆಗೆ ಉದುರಿಹೋಗುತ್ತವೆ. ಒಸಡಿನಲ್ಲಿ ಈ ಸುತ್ತು ಮುಗಿಯಲು 10ರಿಂದ 12 ದಿನ ಸಾಕು. ಅಂಗುಳ ಮತ್ತು ಕೆನ್ನೆಯ ಒಳಭಾಗದಲ್ಲಿ ಇನ್ನೂ ಬೇಗ, 5 ಅಥವಾ 6 ದಿನ. ತೆಲುಗಿನ ಚಿಗುರು ಇಲ್ಲಿ ನೆನಪಾಗದೆ ಇರದು. ಇದಕ್ಕೆ ಹೊದಿಕೆ ಅಂಗಾಂಶ ಎಂಬ ಹೆಸರು ಅನುಲೇಪಕಕ್ಕಿಂತ ಮೇಲೆಂದು ತೋರುತ್ತದೆ.

ಈ ಹೊದಿಕೆ ಎಲ್ಲೆಡೆ ಒಂದೇ ಅಲ್ಲ. ಹೊರಮೈಯಲ್ಲಿ ಅದು ದಪ್ಪ, ಸುಮಾರು 0.2ರಿಂದ 0.3 ಮಿ.ಮೀ., ಮತ್ತು ಗಡುಸು. ಮಡಿಕೆಯ ಒಳಗೋಡೆಯಲ್ಲಿ ತೆಳು, ಗಡುಸಲ್ಲ. ಮಡಿಕೆಯ ತಳದಲ್ಲಿ ಅದು ಹಲ್ಲಿಗೆ ಅಂಟಿಕೊಳ್ಳುತ್ತದೆ. ಈ ಕೊನೆಯ ಭಾಗವನ್ನು ಸಂಧಿ ಹೊದಿಕೆ ಎನ್ನೋಣ. ದೇಹದಲ್ಲಿ ಹೊದಿಕೆಯನ್ನು ಸೀಳಿಕೊಂಡು ಗಡುಸು ವಸ್ತುವೊಂದು ಹೊರಗೆ ನಿಂತಿರುವುದು ಅಪರೂಪ, ಹಾಗೆ ನಿಂತಿರುವುದು ಹಲ್ಲು. ಹೊದಿಕೆಯಲ್ಲಿ ಹೀಗೆ ಬಿದ್ದ ತೂತನ್ನು ಮುಚ್ಚಿಡುವ ಕೆಲಸ ಸಂಧಿ ಹೊದಿಕೆಯದು.

ಅದು ನಿಜವಾಗಿ ಹಲ್ಲಿಗೆ ಅಂಟಿದೆಯೇ, ಬರಿದೆ ತಾಗಿ ನಿಂತಿದೆಯೇ ಎಂಬ ಬಗ್ಗೆ ಅರ್ಧ ಶತಮಾನದಷ್ಟು ವಾದ ನಡೆಯಿತು. ವಿಯೆನ್ನಾದ ಗಾಟ್ಲೀಬ್ 1921ರಲ್ಲಿ ಅಂಟಿದೆ ಎಂದರು. ನಾರ್ವೆಯ ವೇರ್‌ಹೌಗ್ 1952ರಲ್ಲಿ ತೆಳುವಾದ ಉಕ್ಕಿನ ಅಲಗುಗಳನ್ನು ಆ ಸಂದಿಗೆ ಸುಲಭವಾಗಿ ಇಳಿಸಿ ಬರಿದೆ ತಾಗಿದೆ ಎಂದು ವಾದಿಸಿದರು. 1960ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಈ ವಾದವನ್ನು ಬಗೆಹರಿಸಿತು. ಹಲ್ಲಿಗೆ ಎದುರಾದ ಕೋಶಗಳಲ್ಲಿ ಒತ್ತುಗುಂಡಿಯ ಒಂದು ಅರ್ಧದಂತಿರುವ ಸೂಕ್ಷ್ಮ ಫಲಕಗಳಿದ್ದು, ತೆಳುವಾದ ಒಂದು ಪದರದ ಮೂಲಕ ಅವು ಎನಾಮೆಲ್‌ಗೆ ಅಂಟಿರುತ್ತವೆ. ವೇರ್‌ಹೌಗ್ ಕಂಡದ್ದೂ ಸುಳ್ಳಲ್ಲ. ಈ ಪದರದ ಕೋಶಗಳು ಪರಸ್ಪರ ಸಡಿಲವಾಗಿ ನಿಂತಿರುವುದರಿಂದ ಅಲಗು ಸುಲಭವಾಗಿ ಒಳಹೋಗುತ್ತದೆ. ಸಡಿಲವಾಗಿರುವುದಕ್ಕೆ ಕಾರಣವೂ ಇದೆ. ಆ ಸಂದುಗಳಿಂದ ರಕ್ತದ ಬಿಳಿಕಣಗಳು ಮಡಿಕೆಯೊಳಕ್ಕೆ ಸದಾ ನುಸುಳುತ್ತಿರುತ್ತವೆ, ಆರೋಗ್ಯವಂತ ಒಸಡಿನಲ್ಲಿಯೂ. ಅವುಗಳ ಜೊತೆ ಒಂದು ದ್ರವವೂ ಮೆಲ್ಲಗೆ ಒಸರುತ್ತದೆ. 1958ರಲ್ಲಿ ಬ್ರಿಲ್ ಮತ್ತು ಕ್ರಾಸೆ ಇದನ್ನು ಪ್ರಯೋಗದಿಂದ ತೋರಿಸಿದರು. ಇದಕ್ಕೆ ಒಸಡಿನ ಒಸರು ಎಂಬ ಹೆಸರಿಗಿಂತ ಉತ್ತಮವಾದದ್ದು ಬೇಕಿಲ್ಲ. ಅಂದರೆ ಆರೋಗ್ಯವಂತ ಒಸಡು ನಿಶ್ಚಲವಾಗಿರುವುದಿಲ್ಲ, ಅಲ್ಲಿ ಕಾವಲು ನಡೆದೇ ಇರುತ್ತದೆ.

ನೇಯ್ಗೆ

ಅಂಗಾಂಶ ಎಂಬ ಪದಕ್ಕೆ ಬರೋಣ. ಅಂಗದ ಅಂಶ ಎಂಬುದು ಅದರ ಅರ್ಥ. ಅದು ಯಾವ ರೀತಿಯ ಅಂಶ ಎಂಬುದನ್ನು ಪದ ಹೇಳದು. ಫ್ರೆಂಚ್ ಮತ್ತು ಇಂಗ್ಲಿಷಿನ ಪದ ಲ್ಯಾಟಿನ್ನಿನ ನೇಯು ಎಂಬ ಧಾತುವಿನಿಂದ ಬಂದದ್ದು. ಫ್ರಾನ್ಸಿನ ಬಿಷಾ ಸೂಕ್ಷ್ಮದರ್ಶಕವನ್ನು ನಂಬದೆ, ಶವಗಳನ್ನು ಕೊಯ್ದು, ನೆನೆಸಿ, ಬೇಯಿಸಿ ದೇಹದಲ್ಲಿ 21 ಬಗೆಯ ನೇಯ್ಗೆಗಳನ್ನು ಗುರುತಿಸಿದ್ದು 18ನೆಯ ಶತಮಾನ ಮುಗಿದು 19ನೆಯದು ಆರಂಭವಾಗುವ ಹೊತ್ತಿನಲ್ಲಿ. 1819ರಲ್ಲಿ ಜರ್ಮನಿಯ ಮೇಯರ್ ಈ ಶಾಸ್ತ್ರಕ್ಕೆ ಹೆಸರಿಡುವಾಗ ಗ್ರೀಕಿನಲ್ಲಿ ಮಗ್ಗವನ್ನೂ ಬಟ್ಟೆಯನ್ನೂ ಸೂಚಿಸುವ ಪದವನ್ನೇ ಆರಿಸಿಕೊಂಡ. ಮರಾಠಿ ಊತೀ ಎಂದೂ ಹಿಂದಿ ಊತಕ ಎಂದೂ ಪದ ಮಾಡಿಕೊಂಡದ್ದು ಸಂಸ್ಕೃತದ ಊತ, ಅಂದರೆ ನೇಯ್ದದ್ದು, ಎಂಬುದರಿಂದ. ಕೃಷ್ಣೆಯ ಆಚೆ ಮರಾಠಿಯಲ್ಲಿ ಓದುವ ಹುಡುಗನ ಪಾಠದಲ್ಲಿ ನೇಯ್ಗೆಯಿದೆ, ಸುತ್ತ ಮಗ್ಗಗಳಿರುವ ಬನಹಟ್ಟಿಯ ಹುಡುಗನ ಕನ್ನಡ ಪಾಠದಲ್ಲಿ ಅದಿಲ್ಲ. ಊತಕವನ್ನು ಕನ್ನಡಕ್ಕೆ ತರಲು ಒಂದು ತೊಡಕಿದೆ. ನಮ್ಮಲ್ಲಿ ಊತ ಎಂದರೆ ಬಾವು. ಆರೋಗ್ಯವಂತ ಒಸಡಿನ ಊತಕ ಎಂದು ಬರೆದರೆ ಓದುಗ ನಗುತ್ತಾನೆ.

ಕೆಳಗಿನ ಸಂಯೋಜಕ ಅಂಗಾಂಶಕ್ಕೆ ಮಾತ್ರ ನೇಯ್ಗೆಯ ರೂಪಕ ಚೆನ್ನಾಗಿ ಸಲ್ಲುತ್ತದೆ. ಅದರ ಗಾತ್ರದ ಸುಮಾರು 60 ಪ್ರತಿಶತ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು. ಕೋಶಗಳ ಪಾಲು 5 ಪ್ರತಿಶತದಷ್ಟು. ಉಳಿದದ್ದು ರಕ್ತನಾಳ, ನರ ಮತ್ತು ನಡುವಣ ದ್ರವ್ಯ. ಈ ಎಳೆಗಳು ದಿಕ್ಕಿಲ್ಲದೆ ಚೆಲ್ಲಿಕೊಂಡಿಲ್ಲ. ಕೆಲವು ಹಲ್ಲಿನ ಬೇರಿನ ಮೇಲಿರುವ ಸಿಮೆಂಟಮ್ ಎಂಬ ಪದರದಿಂದ ಹೊರಟು ಬೀಸಣಿಗೆಯಂತೆ ಬಿಚ್ಚಿ ದಡಿಗೆ ಹೋಗುತ್ತವೆ. ಕೆಲವು ಎಲುಬಿನ ಅಂಚಿನಿಂದ ಏರಿ ಬರುತ್ತವೆ. ಕೆಲವು ಹಲ್ಲಿನ ಸುತ್ತ ಉಡಿದಾರದಂತೆ ಬಳಸಿ ಬಿಗಿಯುತ್ತವೆ. ಇನ್ನು ಕೆಲವು ಎಲುಬಿನ ಏರಿನ ಮೇಲಿಂದ ಹಾದು ಒಂದು ಹಲ್ಲನ್ನು ಪಕ್ಕದ ಹಲ್ಲಿಗೆ ಕಟ್ಟುತ್ತವೆ. ನೆಟ್ಟಗೆ ಹೋಗುವ ಎಳೆಗಳ ನಡುವೆ ಅಡ್ಡಲಾಗಿ ಸುತ್ತುವ ಎಳೆಗಳು ತೂರಿಕೊಂಡಿರುವುದನ್ನು ನೋಡಿದರೆ ಹಾಸು ಹೊಕ್ಕು ಎಂಬ ಮಾತು ತಾನಾಗಿ ಬರುತ್ತದೆ. ದಡಿ ಒಸಡು ಹಲ್ಲಿಗೆ ಅಂಟದಿದ್ದರೂ ಜೋಲದೆ ನಿಂತಿರುವುದು ಈ ಹೆಣಿಗೆಯ ಬಲದಿಂದ.

ಎಳೆಯ ಒಳಗೂ ನೇಕಾರನಿಗೆ ಗುರುತಾಗುವ ಸಂಗತಿಯಿದೆ. ಕೊಲ್ಯಾಜನ್ನಿನ ಒಂದೊಂದು ಅಣುವೂ ಮೂರೆಳೆಯ ಹುರಿ. 1954ರಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಈ ಮೂರೆಳೆಯ ರಚನೆಯನ್ನು ಪ್ರತಿಪಾದಿಸಿದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು ರಾಮಚಂದ್ರನ್. ಹುರಿ ಬಿಚ್ಚದೆ ನಿಲ್ಲಬೇಕಾದರೆ ಸಿ ಜೀವಸತ್ವ ಬೇಕು. ನೆಲ್ಲಿಕಾಯಿ ಲಿಂಬಿಹಣ್ಣುಗಳಲ್ಲಿರುವ ಈ ಸತ್ವ ದೀರ್ಘಕಾಲ ದೊರೆಯದಿದ್ದರೆ ಹುರಿ ಕಟ್ಟದ ನೂಲಿನಂತೆ ಎಳೆ ದುರ್ಬಲಗೊಂಡು ಒಸಡು ಬಾತು ರಕ್ತ ಸುರಿಸುತ್ತದೆ. ಹಡಗಿನವರನ್ನು ಕಾಡಿದ ಸ್ಕರ್ವಿ ಎಂಬ ರೋಗ ಇದೇ.

ರೂಪಕ ಎಲ್ಲಿ ಕಿತ್ತುಹೋಗುತ್ತದೆ ಎಂಬುದನ್ನೂ ಹೇಳಬೇಕು. ಮೊದಲನೆಯದಾಗಿ, ಮಗ್ಗದಿಂದ ಇಳಿದ ಬಟ್ಟೆ ಮುಗಿದ ಬಟ್ಟೆ. ಒಸಡಿನಲ್ಲಿ ಎಳೆ ನೇಯುವ ಕೋಶವೇ ಹಳೆಯ ಎಳೆಯನ್ನು ಬಿಚ್ಚಿ ನುಂಗುತ್ತದೆ, ಮಗ್ಗ ಎಂದೂ ನಿಲ್ಲದು. ಎರಡನೆಯದು ಹೆಚ್ಚು ಮುಖ್ಯ. ಮೇಲಿನ ಹೊದಿಕೆಯಲ್ಲಿ ಕೋಶಗಳ ನಡುವೆ ಇಂಥ ಎಳೆಗಳೇ ಇಲ್ಲ. ಅಲ್ಲಿ ಕೋಶಗಳು ಇಟ್ಟಿಗೆಗಳಂತೆ ಒತ್ತಾಗಿ ಜೋಡಿಸಲ್ಪಟ್ಟಿವೆ. ಅದು ನೇಯ್ಗೆಗಿಂತ ಕಟ್ಟಡಕ್ಕೆ ಹತ್ತಿರ. ಎರಡಕ್ಕೂ ನೇಯ್ಗೆಯ ಹೆಸರು ಕೊಟ್ಟ ಯುರೋಪಿನ ಭಾಷೆಗಳು ಅರ್ಧಕ್ಕೆ ಮಾತ್ರ ನ್ಯಾಯ ಮಾಡಿವೆ. ಅಂಗಾಂಶ ಎಂಬ ನಮ್ಮ ಪದ ಬಣ್ಣಗೆಟ್ಟದ್ದಾದರೂ ಎರಡನ್ನೂ ಅಪಾರ್ಥವಿಲ್ಲದೆ ಒಳಗೊಳ್ಳುತ್ತದೆ. ಸಾಮಾನ್ಯ ಪದವಾಗಿ ಅದನ್ನು ಉಳಿಸಿಕೊಂಡು, ಅದರೊಳಗೆ ಮೇಲಿನದನ್ನು ಹೊದಿಕೆ ಎಂದೂ ಕೆಳಗಿನದನ್ನು ನೇಯ್ಗೆ ಎಂದೂ ಬೇರ್ಪಡಿಸಿದರೆ ಪದಗಳ ಗಡಿ ಪದಾರ್ಥದ ಗಡಿಯ ಮೇಲೆಯೇ ಬೀಳುತ್ತದೆ.

ಈ ಗಡಿ ಎಷ್ಟು ನಿಖರವೆಂಬುದು ಹಲ್ಲಿಗೂ ಒಸಡಿಗೂ ಇರುವ ಬೆಸುಗೆಯಲ್ಲಿ ಕಾಣುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹತ್ತಿಯ ಹಾಸನ್ನು ಸೆರಗಿನ ರೇಷ್ಮೆಯ ಹಾಸಿಗೆ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಎರಡು ಬೇರೆ ಬೇರೆ ದ್ರವ್ಯಗಳು ಹೀಗೆ ಒಂದೇ ಬಟ್ಟೆಯಾಗುತ್ತವೆ. ಒಸಡಿನ ಎಳೆಗಳು ಹಲ್ಲಿನ ಸಿಮೆಂಟಮ್‌ನೊಳಗೆ ನಾಟಿ ಗಟ್ಟಿಯಾಗಿರುವುದನ್ನು ಕೊಂಡಿ ಎಂದು ಧಾರಾಳವಾಗಿ ಕರೆಯಬಹುದು. ಅದರ ಮೇಲ್ಗಡೆ, ಸಂಧಿ ಹೊದಿಕೆ ಹಲ್ಲನ್ನು ಹಿಡಿದಲ್ಲಿ, ಯಾವ ಎಳೆಯೂ ಒಳಹೊಕ್ಕಿಲ್ಲ. ಅದು ಕೊಂಡಿಯಲ್ಲ, ಅಂಟು. 1961ರಲ್ಲಿ ಗಾರ್ಜಿಯುಲೊ ಮತ್ತು ಸಂಗಡಿಗರು ಪ್ರಕಟಿಸಿದ ಅಳತೆಗಳಲ್ಲಿ ಅಂಟಿನ ಸರಾಸರಿ ಉದ್ದ 0.97 ಮಿ.ಮೀ., ಕೊಂಡಿಯದು 1.07 ಮಿ.ಮೀ., ಎರಡೂ ಸೇರಿ 2 ಮಿ.ಮೀ. ಚಿಲ್ಲರೆ. ಜೋಳದ ಕಾಳಿನ ಅರ್ಧದಷ್ಟು ಜಾಗ. ಹಲ್ಲಿಗೆ ಟೊಪ್ಪಿಗೆ ಹಾಕುವ ವೈದ್ಯರು ಈ ಜಾಗವನ್ನು ಅತಿಕ್ರಮಿಸದಂತೆ ಎಚ್ಚರ ವಹಿಸಬೇಕಾಗುತ್ತದೆ, ಅತಿಕ್ರಮಿಸಿದರೆ ಒಸಡು ಕೆರಳುತ್ತದೆ.

ಬಳಕೆಯ ಪ್ರಶ್ನೆ

ಕನ್ನಡದಲ್ಲಿ ವಿಜ್ಞಾನ ಬರೆಯುವ ಪ್ರಯತ್ನ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ವಿಜ್ಞಾನ ಪತ್ರಿಕೆಯನ್ನು 1918ರಲ್ಲಿಯೇ ಆರಂಭಿಸಿದ್ದರು. ಅಂದಿನಿಂದ ನಾವು ಪದ ಕಟ್ಟುತ್ತಲೇ ಬಂದಿದ್ದೇವೆ. ಹೆಚ್ಚಾಗಿ ಸಂಸ್ಕೃತದಿಂದ, ಈಚೆಗೆ ಕೆಲವರು ಅಚ್ಚಗನ್ನಡದಿಂದ. ಎರಡು ಪಂಥಗಳೂ ಪದದ ಮೂಲವನ್ನು ಕುರಿತು ವಾದಿಸುವಷ್ಟು ಪದಾರ್ಥವನ್ನು ನೋಡುವುದಿಲ್ಲ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಬಕ್ಕಣ ಒಳ್ಳೆಯ ಪದವಾಗುವುದು ದೇಶಿಯಾದುದರಿಂದಲ್ಲ, ಒಸಡಿನಲ್ಲಿ ನಡೆಯುವುದನ್ನು ಸರಿಯಾಗಿ ಹೇಳುವುದರಿಂದ. ದಂತಮೂಲವನ್ನು ಬಿಡಬೇಕಾದದ್ದು ಸಂಸ್ಕೃತವೆಂದಲ್ಲ, ಮೂರು ಕಡೆ ಎಳೆಯುತ್ತದೆಂದು.

ಇದು ಕೇವಲ ಪದಕೋಶದ ಮಾತಾಗಿ ಉಳಿಯುವಂತಿಲ್ಲ. ಬಾಗಲಕೋಟೆಯಲ್ಲಿಯೇ ದಂತವೈದ್ಯ ಕಾಲೇಜಿದೆ. ಅಲ್ಲಿ ಕಲಿಕೆಯ ಭಾಷೆ ಇಂಗ್ಲಿಷ್, ಕುರ್ಚಿಯ ಮೇಲೆ ಬಾಯಿ ತೆರೆದು ಕೂತವರ ಭಾಷೆ ಬಹುಮಟ್ಟಿಗೆ ಕನ್ನಡ. ಹಲ್ಲುಜ್ಜುವಾಗ ಒಸಡಿನಿಂದ ಸ್ವಲ್ಪ ರಕ್ತ ಬರುವುದು ಸಹಜ ಎಂದು ನಂಬಿದವರು ಓದಿದವರಲ್ಲಿಯೂ ಇದ್ದಾರೆ. ಆರೋಗ್ಯವೆಂದರೆ ಏನೆಂದು ಹೇಳುವ ವಾಕ್ಯ ಭಾಷೆಯಲ್ಲಿ ಇಲ್ಲದಿದ್ದಾಗ ರೋಗದ ಮೊದಲ ಗುರುತೇ ಸಹಜವೆನಿಸಿಕೊಳ್ಳುತ್ತದೆ. 1965ರಲ್ಲಿ ಲೋ, ಥೈಲಾಡೆ ಮತ್ತು ಯೆನ್ಸೆನ್ ಡೆನ್ಮಾರ್ಕಿನಲ್ಲಿ 12 ಜನ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಕೆರಳಿತು. ಮತ್ತೆ ಉಜ್ಜತೊಡಗಿದ ಮೇಲೆ ಒಂದು ವಾರದ ಸುಮಾರಿಗೆ ಸರಿಹೋಯಿತು. ರಕ್ತ ಕಂಡಾಗ ಹಲ್ಲುಜ್ಜುವುದನ್ನು ಬಿಡುವ ನಮ್ಮ ರೂಢಿಗೆ ಇದು ನೇರ ಉತ್ತರ. ಬೀಡಿ ಸಿಗರೇಟು ಸೇದುವವರಲ್ಲಿ ಈ ಗುರುತೂ ಮರೆಯಾಗುತ್ತದೆ. ಒಳಗೆ ಕೆಡುತ್ತಿದ್ದರೂ ಒಸಡಿನ ರಕ್ತಸ್ರಾವ ತಗ್ಗಿ ಮೇಲ್ನೋಟಕ್ಕೆ ನೆಟ್ಟಗೆ ಕಾಣುತ್ತದೆ.

ಮೇಲೆ ಚರ್ಚಿಸಿದ ಪದಗಳನ್ನು ವಾಕ್ಯದಲ್ಲಿಟ್ಟು ಪರೀಕ್ಷಿಸದೆ ಅವುಗಳ ಬೆಲೆ ತಿಳಿಯದು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಓದಿ ಹೇಳಬಹುದಾದ ಒಂದು ಮಾದರಿ ಇಲ್ಲಿದೆ.

“ನೆಟ್ಟಗಿರುವ ಒಸಡಿನ ದಡಿ ತೆಳುವಾಗಿ ಹಲ್ಲಿನ ಸುತ್ತ ಕೂತಿರುತ್ತದೆ. ಎರಡು ಹಲ್ಲಿನ ಸಂದಿಯಲ್ಲಿ ತೆನೆಯ ಮೊನೆಯಂತೆ ತುಂಬಿರುತ್ತದೆ. ಒಡಲು ಎಲುಬಿಗೆ ಬಿಗಿದಿರುತ್ತದೆ, ಒತ್ತಿದರೆ ಸರಿಯುವುದಿಲ್ಲ. ಬಣ್ಣ ಗುಲಾಬಿಯೂ ಇರಬಹುದು, ಕಪ್ಪೂ ಇರಬಹುದು. ಉಜ್ಜಿದರೆ ರಕ್ತ ಬರುವುದಿಲ್ಲ. ದಡಿಯ ಒಳಗಿನ ಮಡಿಕೆ ಆಳವಾಗಿ ಬಕ್ಕಣವಾದರೆ, ಒಳಗಿನ ಕೊಂಡಿ ಬಿಚ್ಚುತ್ತಿದೆ ಎಂದು ತಿಳಿಯಬೇಕು.”

ಈ ಮಾದರಿಯಲ್ಲಿ ಹೊದಿಕೆಯ ಮಾತು ಬಂದಿಲ್ಲ. ಕಣ್ಣಿಗೆ ಕಾಣದ ಸಂಧಿ ಹೊದಿಕೆಯನ್ನು, ಅಂಟು ಮೊದಲು ಬಿಟ್ಟು ಆಮೇಲೆ ಕೊಂಡಿ ಬಿಚ್ಚುವುದನ್ನು, ಓಣಿಯ ಮಾತಿಗೆ ತರುವ ಪದ ಈ ಲೇಖಕನಿಗೆ ಇನ್ನೂ ಸಿಕ್ಕಿಲ್ಲ. ಮಗ್ಗದಲ್ಲಿ ಅದಕ್ಕೆ ಹೋಲಿಕೆಯಿಲ್ಲ. ಗೌಂಡಿಯ ಕೆಲಸದಲ್ಲಿ, ಚಪ್ಪಲಿ ಹೊಲಿಯುವವರ ಸರಿಯಲ್ಲಿ, ಅಥವಾ ಮಹಾಲಿಂಗಪುರದ ಬೆಲ್ಲದ ಪಾಕದ ಅಂಟಿನಲ್ಲಿ ಹುಡುಕಿ ನೋಡಬಹುದು.